ನೀಲಿ ಪ್ಲೇಟು, ಕಿತ್ತಳೆ ಬಳೆ: ಬ್ಯಾಕ್ಟೀರಿಯಾ ಕಬ್ಬಿಣ ಕಸಿಯುವುದನ್ನು ಕಣ್ಣಾರೆ ತೋರಿಸುವ ಪ್ರಯೋಗ

ರೋಗ ತರುವ ಬ್ಯಾಕ್ಟೀರಿಯಾ ನಮ್ಮ ದೇಹದಿಂದ ಕಬ್ಬಿಣ ಕಸಿಯುತ್ತದೆ ಎಂದು ಪಾಠದಲ್ಲಿ ಒಂದೇ ಸಾಲು ಹೇಳಿ ಮುಂದೆ ಹೋಗುತ್ತೇವೆ. ಆ ಒಂದು ಸಾಲಿನೊಳಗೆ ಎಷ್ಟೊಂದು ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಣ್ಣಿಂದ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕಾಗಿ ಲ್ಯಾಬಿನಲ್ಲಿ ಒಂದು ಸೆಟ್ ಕಟ್ಟಿದೆ. ಬಣ್ಣ ಬದಲಿಸುವ ನೀಲಿ ಅಗಾರ್ ಪ್ಲೇಟು (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಹಾಕಿದ ತಟ್ಟೆ) ಅದರ ಮುಖ್ಯ ಭಾಗ. ಜೊತೆಗೆ ಕೆಟ್ಟು ಬಿದ್ದಿದ್ದ ಒಂದು ಯುವಿ ಪೆಟ್ಟಿಗೆಯನ್ನು ರಿಪೇರಿ ಮಾಡಿಕೊಂಡೆ. ಕೊನೆಗೆ ಕೋಳಿಮೊಟ್ಟೆಯ ಬಿಳಿ ಹಾಕಿದ ಕೆಲವು ಟ್ಯೂಬು. ಮಾಡಿದ್ದು ಹೇಗೆ, ಎಲ್ಲಿ ತೊಡಕಾಯಿತು, ಏನು ಕಂಡಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದರಲ್ಲಿ ರೋಗಾಣು ಯಾವುದೂ ಇಲ್ಲ. ಬಳಸಿದ್ದು ಎರಡೇ ಬ್ಯಾಕ್ಟೀರಿಯಾ: ಮಣ್ಣಿನಲ್ಲಿ ಬದುಕುವ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್, ಮತ್ತು ಲ್ಯಾಬುಗಳಲ್ಲಿ ದಶಕಗಳಿಂದ ಪಳಗಿದ ಇ. ಕೋಲಿ ಕೆ-12. ಕಬ್ಬಿಣ ಹಿಡಿಯುವ ಮೂಲ ಯಂತ್ರ ಇವೆರಡರಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆ ಇವನ್ನೇ ಹಿಡಿದುಕೊಂಡೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಆಮೇಲೆ.

ಕಬ್ಬಿಣ ಇದೆ, ಆದರೆ ಬಿಡಿಯಾಗಿಲ್ಲ

ದೊಡ್ಡವರ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಇದು ಮುಗಿಯದ ಸಂಪತ್ತು. ಆದರೆ ಅದರಲ್ಲಿ ಮೂರನೇ ಎರಡು ಪಾಲು ಕೆಂಪು ರಕ್ತಕಣಗಳೊಳಗೆ, ಹಿಮೋಗ್ಲೋಬಿನ್‌ನಲ್ಲಿ ಕೂತಿದೆ. ಇನ್ನೊಂದಿಷ್ಟು ಜೀವಕೋಶಗಳೊಳಗೆ ಫೆರಿಟಿನ್ ಎಂಬ ಪ್ರೋಟೀನಿನ ಹೊಟ್ಟೆಯಲ್ಲಿದೆ. ಕಣಗಳ ಹೊರಗೆ, ರಕ್ತದ ದ್ರವದಲ್ಲಿ ಓಡಾಡುವ ಕಬ್ಬಿಣ ಕೆಲವೇ ಮಿಲಿಗ್ರಾಂ. ಅದನ್ನೂ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಒಂದು ಟ್ರಾನ್ಸ್‌ಫೆರಿನ್ ಎರಡು ಕಬ್ಬಿಣದ ಅಯಾನು ಹಿಡಿಯಬಲ್ಲದು. ಆರೋಗ್ಯವಂತರಲ್ಲಿ ಈ ಜಾಗಗಳಲ್ಲಿ ಸುಮಾರು 30 ಪ್ರತಿಶತ ಮಾತ್ರ ತುಂಬಿರುತ್ತದೆ. ಅಂದರೆ ಎಲ್ಲಾದರೂ ಒಂದು ಅಯಾನು ಬಿಡಿಯಾಗಿ ಸಿಕ್ಕರೆ ಹಿಡಿಯಲು ಖಾಲಿ ಕೈಗಳು ಸದಾ ಸಿದ್ಧ.

ದೇಹದ ಹೊರಗೂ ಪರಿಸ್ಥಿತಿ ಸುಲಭವಲ್ಲ. ಗಾಳಿ ಬೆರೆತ ನೀರಿನಲ್ಲಿ, ಪಿಎಚ್ 7ರ ಹತ್ತಿರ, ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಬಿಡಿ ಫೆರಿಕ್ ಅಯಾನು ಲೀಟರಿಗೆ 10⁻¹⁸ ಮೋಲ್ ಆಸುಪಾಸಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲು ಬೇಕಾದದ್ದು 10⁻⁶ ಮೋಲ್ ಮಟ್ಟ. ನಡುವಿನ ಅಂತರ ಲಕ್ಷ ಕೋಟಿ ಪಟ್ಟು. ಈ ಅಂತರವನ್ನು ದಾಟಲು ಬ್ಯಾಕ್ಟೀರಿಯಾ ಸಿಡೆರೋಫೋರ್ ಎಂಬ ಚಿಕ್ಕ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತದೆ. ಅವು ಕಬ್ಬಿಣವನ್ನು ಎಲ್ಲಿದ್ದರೂ ಹಿಡಿದುಕೊಳ್ಳುತ್ತವೆ. ಇ. ಕೋಲಿ ತಯಾರಿಸುವ ಎಂಟರೋಬ್ಯಾಕ್ಟಿನ್ ಇವುಗಳಲ್ಲೇ ಬಲು ಬಿಗಿ. ಕಬ್ಬಿಣದ ಜೊತೆ ಅದರ ಹಿಡಿತದ ಸ್ಥಿರಾಂಕ ಸುಮಾರು 10⁴⁹. 1970ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡವು. ಒಂದು ತಂಡ ಸಾಲ್ಮೊನೆಲ್ಲಾದಿಂದ ತೆಗೆಯಿತು, ಇನ್ನೊಂದು ಇ. ಕೋಲಿಯಿಂದ.

ನಾನು ತೋರಿಸಬೇಕಿದ್ದುದು ಇದನ್ನೇ: ಕಬ್ಬಿಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಆ ಕ್ಷಣ.

ಗಾಜು ತೊಳೆಯುವುದೇ ಅರ್ಧ ಕೆಲಸ

ನೀಲಿ ಪ್ಲೇಟಿನ ವಿಧಾನ ಷ್ವಿನ್ ಮತ್ತು ನೀಲಾಂಡ್ಸ್ 1987ರಲ್ಲಿ ಪ್ರಕಟಿಸಿದ್ದು. ಕ್ರೋಮ್ ಅಜುರೋಲ್ ಎಸ್ ಎಂಬ ಬಣ್ಣ ಕಬ್ಬಿಣದ ಜೊತೆ ಸೇರಿದಾಗ ಕಡು ನೀಲಿಯಾಗುತ್ತದೆ. ಅದಕ್ಕಿಂತ ಬಿಗಿಯಾಗಿ ಹಿಡಿಯುವ ಅಣು ಬಂದು ಕಬ್ಬಿಣವನ್ನು ಎಳೆದುಕೊಂಡರೆ ಬಣ್ಣ ನೀಲಿಯಿಂದ ಕಿತ್ತಳೆಗೆ ತಿರುಗುತ್ತದೆ. ಬ್ಯಾಕ್ಟೀರಿಯಾದ ಚುಕ್ಕೆಯ ಸುತ್ತ ಹೀಗೆ ಕಾಣುವ ಕಿತ್ತಳೆ ವೃತ್ತವನ್ನೇ ಬಳೆ ಅನ್ನುತ್ತಿದ್ದೇನೆ. ಸಿಡೆರೋಫೋರ್ ಯಾವ ಜಾತಿಯದ್ದಾದರೂ ಪರವಾಗಿಲ್ಲ, ಹಿಡಿತ ಬಲವಾಗಿದ್ದರೆ ಆಯಿತು.

ಒಂದು ಲೀಟರ್ ಅಗಾರ್‌ನಲ್ಲಿ ಇರುವ ಕಬ್ಬಿಣ ಬರೀ 10 ಮೈಕ್ರೋಮೋಲ್. ತೂಕದಲ್ಲಿ ಸುಮಾರು 0.56 ಮಿಲಿಗ್ರಾಂ. ಗಾಜಿನ ಗೋಡೆಗೆ ಅಂಟಿಕೊಂಡ ಹಳೆ ಕಬ್ಬಿಣ, ನಲ್ಲಿ ನೀರಿನ ಕಲೆ, ಸ್ಟೀಲ್ ಚಮಚದ ಅಂಚು, ಇವೆಲ್ಲ ಸೇರಿದರೆ ಲೆಕ್ಕ ತಪ್ಪುವುದು ಖಂಡಿತ. ಅದಕ್ಕೆ ಫ್ಲಾಸ್ಕು, ಬೀಕರು ಎಲ್ಲವನ್ನೂ 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಫ್ಯೂಮ್ ಹುಡ್ ಒಳಗೆ, ಕೈಗವಸು ಕನ್ನಡಕ ಹಾಕಿಕೊಂಡೇ ಮಾಡುವ ಕೆಲಸ ಇದು. ಆಮೇಲೆ ಅಯಾನು ತೆಗೆದ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿದೆ. ಅಳತೆಗೆ ಪ್ಲಾಸ್ಟಿಕ್ ಸಿಲಿಂಡರ್, ಪುಡಿ ತೆಗೆಯಲು ಪ್ಲಾಸ್ಟಿಕ್ ಚಮಚ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಹಾಕುವ ಕ್ಯಾಸಮಿನೋ ಆಮ್ಲದ ದ್ರಾವಣದಲ್ಲೂ ಕಬ್ಬಿಣ ಸೇರಿಕೊಂಡಿರುತ್ತದೆ. ಅದನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ 8-ಹೈಡ್ರಾಕ್ಸಿಕ್ವಿನೊಲಿನ್ ಎಂಬ ಕಬ್ಬಿಣ ಹಿಡಿಯುವ ರಾಸಾಯನಿಕದ ಜೊತೆ ಕುಲುಕಿ ತೆಗೆದೆ. ಕಪ್ಪಾದ ಕ್ಲೋರೋಫಾರ್ಮ್ ಪದರ ಕೆಳಗೆ ನಿಲ್ಲುವುದು ಕಂಡಾಗ ಎಷ್ಟು ಕಬ್ಬಿಣ ಇತ್ತು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಈ ಹಂತ ಬಿಡಬಹುದಲ್ವಾ ಎಂದು ಕೇಳುವವರಿದ್ದಾರೆ. ಬಿಟ್ಟರೆ ಬಳೆ ಮಸುಕಾಗಿ ಬರುತ್ತದೆ, ಪಕ್ಕಪಕ್ಕ ಇಟ್ಟು ಹೋಲಿಸುವ ಪ್ರಯೋಗಕ್ಕೆ ಅದು ಸಾಲದು.

ಬಣ್ಣ ಕಲಸಿದ್ದು

ಬಣ್ಣಕ್ಕೆ ಮೂರು ದ್ರಾವಣ. ಕ್ರೋಮ್ ಅಜುರೋಲ್ ಎಸ್ 60.5 ಮಿಲಿಗ್ರಾಂ, 50 ಮಿಲಿಲೀಟರ್ ನೀರಿನಲ್ಲಿ. ಫೆರಿಕ್ ಕ್ಲೋರೈಡ್ 1 ಮಿಲಿಮೋಲಾರ್, 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ್ದು, 10 ಮಿಲಿಲೀಟರ್. ಎಚ್‌ಡಿಟಿಎಂಎ ಎಂಬ ಡಿಟರ್ಜೆಂಟ್ 72.9 ಮಿಲಿಗ್ರಾಂ, 40 ಮಿಲಿಲೀಟರ್ ನೀರಿನಲ್ಲಿ. ಮೊದಲು ಬಣ್ಣಕ್ಕೆ ಕಬ್ಬಿಣ ಸೇರಿಸಬೇಕು. ಆ ಮಿಶ್ರಣವನ್ನು ಡಿಟರ್ಜೆಂಟಿಗೆ ನಿಧಾನವಾಗಿ, ಕಲಕುತ್ತಾ ಹಾಕಬೇಕು. ಕಂದು ಬಣ್ಣದ ದ್ರವ ನೋಡನೋಡುತ್ತಿದ್ದಂತೆ ಶಾಯಿಯಷ್ಟು ಕಡು ನೀಲಿಯಾಗುತ್ತದೆ. ಮೋಲ್ ಲೆಕ್ಕದಲ್ಲಿ ಬಣ್ಣ, ಕಬ್ಬಿಣ, ಡಿಟರ್ಜೆಂಟ್ 10:1:20. ಒಂದು ಕಬ್ಬಿಣಕ್ಕೆ ಹತ್ತು ಬಣ್ಣದ ಅಣು ಇರುವುದರಿಂದ ಬಿಡಿ ಕಬ್ಬಿಣ ಅಂತ ಒಂದೂ ಉಳಿಯುವುದಿಲ್ಲ. ಈ ವಿಷಯದಲ್ಲಿ ಪ್ಲೇಟು ಮನುಷ್ಯನ ರಕ್ತಕ್ಕೆ ಹತ್ತಿರ: ಕಬ್ಬಿಣ ಇದೆ, ಎಲ್ಲವೂ ಯಾರದ್ದೋ ಹಿಡಿತದಲ್ಲಿದೆ.

ಎಚ್‌ಡಿಟಿಎಂಎ ತಣ್ಣಗಿನ ಕೋಣೆಯಲ್ಲಿ ಹರಳುಗಟ್ಟುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿದರೆ ತಿಳಿಯಾಗುತ್ತದೆ. ಕುಲುಕಲು ಹೋಗಬಾರದು, ನೊರೆ ಎದ್ದರೆ ಇಳಿಯುವುದೇ ಇಲ್ಲ.

ಅಗಾರ್ ಭಾಗಕ್ಕೆ ಪೈಪ್ಸ್ ಬಫರ್ 30.24 ಗ್ರಾಂ. ಇದು ನೀರಿಗೆ ಹಾಕಿದರೆ ಸುಮ್ನೆ ಹಿಟ್ಟಿನ ಹಾಗೆ ತಳದಲ್ಲಿ ಕೂರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಪಿಎಚ್ ಏರಿದಂತೆ ಕರಗುತ್ತದೆ. 6.8ಕ್ಕೆ ನಿಲ್ಲಿಸಬೇಕು. ಇಷ್ಟೊಂದು ಬಫರ್ ಯಾಕೆ ಅಂದರೆ, ಬ್ಯಾಕ್ಟೀರಿಯಾ ಗ್ಲೂಕೋಸ್ ತಿಂದು ಆಮ್ಲ ಬಿಡುತ್ತದೆ, ಪಿಎಚ್ ಇಳಿದರೆ ಬಣ್ಣ ತಾನಾಗಿಯೇ ಬದಲಾಗುತ್ತದೆ. ಹಾಗಾದರೆ ಬಳೆ ಕಂಡರೂ ಅದು ಕಬ್ಬಿಣದ ಕಥೆ ಹೇಳುವುದಿಲ್ಲ. ಫಾಸ್ಫೇಟ್ ಕೂಡ ಕಬ್ಬಿಣ ಹಿಡಿಯುವುದರಿಂದ ಲೀಟರಿಗೆ 0.3 ಗ್ರಾಂ ಮಾತ್ರ ಇಟ್ಟೆ. ಅಗಾರ್ 15 ಗ್ರಾಂ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವುದು) ಆದ ಮೇಲೆ 50 ಡಿಗ್ರಿಗೆ ಇಳಿಸಿ, ಗ್ಲೂಕೋಸ್ ಮತ್ತು ಕ್ಯಾಸಮಿನೋ ಆಮ್ಲ ಸೇರಿಸಿ, ಕೊನೆಗೆ ನೀಲಿ ಬಣ್ಣವನ್ನು ಫ್ಲಾಸ್ಕಿನ ಗೋಡೆಗುಂಟ ಇಳಿಬಿಟ್ಟೆ. ಸರಿಯಾಗಿ ಬಂದ ಪ್ಲೇಟು ನೀಲಿ. ಹಸಿರು ಛಾಯೆ ಬಂದರೆ ಪಿಎಚ್ ಇಳಿದಿದೆ ಎಂದು ಅರ್ಥ, ಅಂಥ ಪ್ಲೇಟಿನ ಮೇಲೆ ಏನೂ ನೋಡಲು ಹೋಗಬಾರದು.

ಪ್ರತಿ ಬ್ಯಾಚಿನಲ್ಲೂ ಒಂದು ಪ್ಲೇಟಿಗೆ ಬ್ಯಾಕ್ಟೀರಿಯಾ ಹಾಕದೆ, ಒಂದು ಕಡೆ ಇಡಿಟಿಎ ಹನಿ, ಇನ್ನೊಂದು ಕಡೆ ಬರೀ ನೀರಿನ ಹನಿ ಇಟ್ಟೆ. ಇಡಿಟಿಎ ಕೂಡ ಕಬ್ಬಿಣ ಹಿಡಿಯುತ್ತದೆ, ಹನಿಯ ಸುತ್ತ ಬೇಗನೆ ಕಿತ್ತಳೆ ಬರುತ್ತದೆ. ಅದು ಬಂದರೆ ಪ್ಲೇಟು ಸರಿಯಿದೆ. ಇನ್ನೊಂದು ಎಚ್ಚರಿಕೆ: ಈ ಡಿಟರ್ಜೆಂಟ್ ಗ್ರಾಂ ಪಾಸಿಟಿವ್ (ಹೊರಪೊರೆ ಇಲ್ಲದ) ಬ್ಯಾಕ್ಟೀರಿಯಾಗಳಿಗೆ ಮತ್ತು ಶಿಲೀಂಧ್ರಗಳಿಗೆ ವಿಷ. ಬ್ಯಾಸಿಲಸ್ ಬೆಳೆಯದಿದ್ದರೆ ಅದಕ್ಕೆ ಸಿಡೆರೋಫೋರ್ ಇಲ್ಲ ಎಂದು ತೀರ್ಮಾನಿಸಬಾರದು.

ಅತಿ ದೊಡ್ಡ ಬಳೆ ಯಾರದ್ದು?

ಒಂದೇ ಪ್ಲೇಟಿನ ಮೇಲೆ ನಾಲ್ಕು ಚುಕ್ಕೆ. ಸ್ಯೂಡೋಮೋನಾಸ್, ಸಾಮಾನ್ಯ ಕೆ-12, ಎಂಟರೋಬ್ಯಾಕ್ಟಿನ್ ತಯಾರಿಸಲಾರದ ಎಂಟ್-ಎ ರೂಪಾಂತರಿ, ಮತ್ತು ಟಾನ್-ಬಿ ಎಂಬ ಜೀನ್ ಇಲ್ಲದ ರೂಪಾಂತರಿ. ಇ. ಕೋಲಿಯ ಜೀನುಗಳನ್ನು ಒಂದೊಂದಾಗಿ ತೆಗೆದ ಕೆಯೋ ಸಂಗ್ರಹ 2006ರಿಂದ ಎಲ್ಲರಿಗೂ ಸಿಗುವಂತಾಗಿದೆ, ಇಂಥ ಕೆಲಸಕ್ಕೆ ಅದು ದೊಡ್ಡ ಉಪಕಾರ. ಸ್ಯೂಡೋಮೋನಾಸ್‌ಗೆ ಇಷ್ಟವಾದ 28 ಡಿಗ್ರಿಯಲ್ಲೇ ಪ್ಲೇಟು ಇಟ್ಟೆ. ಕೆ-12 ಸ್ವಲ್ಪ ನಿಧಾನವಾದರೂ ಬೆಳೆಯುತ್ತದೆ.

ಸ್ಯೂಡೋಮೋನಾಸ್ ಸುತ್ತ ಹಳದಿ ಬೆರೆತ ಕಿತ್ತಳೆ ಬಳೆ. ಸಾಮಾನ್ಯ ಕೆ-12 ಸುತ್ತ ಸಾಧಾರಣ ಬಳೆ. ಎಂಟ್-ಎ ಸುತ್ತ ನೀಲಿ ಹಾಗೇ ಉಳಿಯಿತು. ಇಷ್ಟು ನಿರೀಕ್ಷಿಸಿದ್ದೇ. ಟಾನ್-ಬಿ ರೂಪಾಂತರಿಯ ಚುಕ್ಕೆ ಮಾತ್ರ ಚಿಕ್ಕದು, ಸೊರಗಿದ್ದು, ಆದರೆ ಅದರ ಬಳೆ ಸಾಮಾನ್ಯ ಕೆ-12ರದ್ದಕ್ಕಿಂತ ಅಗಲ.

ನನಗೆ ಇಡೀ ಸೆಟ್‌ನಲ್ಲಿ ಅತಿ ಮುಖ್ಯ ಅನಿಸಿದ್ದು ಈ ಚುಕ್ಕೆ. ಹೊರಗೆ ಅತಿ ಜಾಸ್ತಿ ಕಬ್ಬಿಣ ಕಿತ್ತವನೇ ಒಳಗೆ ಅತಿ ಹಸಿದವನು. ಯಾಕೆ ಅಂತ ನೋಡಲು ಬಾಗಿಲಿನ ಕಥೆಗೆ ಬರಬೇಕು.

ಇ. ಕೋಲಿಗೆ ಎರಡು ಪೊರೆ. ಹೊರಪೊರೆಯಲ್ಲಿ ಫೆಪ್-ಎ ಎಂಬ ಪ್ರೋಟೀನ್ ಇದೆ. 22 ಪಟ್ಟಿಗಳು ಸೇರಿ ಮಾಡಿದ ಪೀಪಾಯಿಯ ಆಕಾರ, ಒಳಗೆ ಮುಚ್ಚಳದ ಹಾಗೆ ಒಂದು ತುಂಡು. ಕಬ್ಬಿಣ ಹೊತ್ತ ಎಂಟರೋಬ್ಯಾಕ್ಟಿನ್ ಹೊರಗಿನಿಂದ ಬಂದು ಇದಕ್ಕೆ ಅಂಟುತ್ತದೆ. ಆದರೆ ಒಳಗೆ ಎಳೆದುಕೊಳ್ಳಲು ಶಕ್ತಿ ಬೇಕು, ಹೊರಪೊರೆಯಲ್ಲಿ ಶಕ್ತಿಯ ಮೂಲವೇ ಇಲ್ಲ. ಒಳಪೊರೆಯಲ್ಲಿ ಪ್ರೋಟಾನುಗಳ ಒತ್ತಡ ಇದೆ. ಆ ಶಕ್ತಿಯನ್ನು ಅಲ್ಲಿಂದ ಹೊರಪೊರೆಗೆ ಮುಟ್ಟಿಸುವ ಉದ್ದನೆಯ ಪ್ರೋಟೀನೇ ಟಾನ್-ಬಿ. ಎಕ್ಸ್‌ಬಿ-ಬಿ, ಎಕ್ಸ್‌ಬಿ-ಡಿ ಎಂಬ ಎರಡು ಅದರ ಜೊತೆಗಾರರು. ಅದು ಫೆಪ್-ಎಯನ್ನು ಹಿಡಿದು ಎಳೆದಾಗ ದಾರಿ ತೆರೆಯುತ್ತದೆ. ಒಳಗೆ ಬಂದ ಎಂಟರೋಬ್ಯಾಕ್ಟಿನ್ ಕಬ್ಬಿಣವನ್ನು ಸುಲಭಕ್ಕೆ ಬಿಡುವುದಿಲ್ಲ. ಫೆಸ್ ಎಂಬ ಕಿಣ್ವ ಅದನ್ನು ಕತ್ತರಿಸಿಯೇ ಕಬ್ಬಿಣ ಬಿಡಿಸುತ್ತದೆ. ಅಷ್ಟು ದುಬಾರಿ ಅಣುವನ್ನು ಒಂದೇ ಸಲ ಬಳಸಿ ಒಡೆದುಬಿಡುತ್ತದೆ ಎಂದರೆ ಕಬ್ಬಿಣ ಎಷ್ಟು ಅಮೂಲ್ಯ ಇರಬೇಕು ನೋಡಿ.

ಒಳಗೆ ಕಬ್ಬಿಣ ಸಾಕಷ್ಟು ಇದ್ದರೆ ಫರ್ ಎಂಬ ನಿಯಂತ್ರಕ ಪ್ರೋಟೀನ್ ಅದನ್ನು ಹಿಡಿದು ಡಿಎನ್‌ಎ ಮೇಲೆ ಕೂರುತ್ತದೆ, ಸಿಡೆರೋಫೋರ್ ಜೀನುಗಳು ಮುಚ್ಚುತ್ತವೆ. ಕಬ್ಬಿಣ ಕಡಿಮೆಯಾದರೆ ಫರ್ ಎದ್ದು ಹೋಗುತ್ತದೆ, ಜೀನುಗಳು ತೆರೆಯುತ್ತವೆ. ಟಾನ್-ಬಿ ಇಲ್ಲದವನಿಗೆ ಬಾಗಿಲು ತೆರೆಯುವುದಿಲ್ಲ. ಹೊರಗೆ ಎಷ್ಟು ಕಿತ್ತರೂ ಒಳಗೆ ಬರುವುದಿಲ್ಲ, ಫರ್ ಕೂರುವುದಿಲ್ಲ, ಎಂಟರೋಬ್ಯಾಕ್ಟಿನ್ ತಯಾರಾಗುತ್ತಲೇ ಇರುತ್ತದೆ. ಬಳೆ ಬೆಳೆಯುತ್ತಾ ಹೋಗುತ್ತದೆ. ಅದು ಸಾಯದೆ ಒಂದಿಷ್ಟಾದರೂ ಬೆಳೆಯುವುದು ಫೆರಸ್ ಎಂಬ ಸುಲಭವಾಗಿ ಕರಗುವ ರೂಪದ ಕಬ್ಬಿಣಕ್ಕೆ ಇರುವ ಬೇರೆ ದಾರಿಯಿಂದ.

ಹಾಗಾಗಿ ಬಳೆಯ ಅಗಲ ನೋಡಿ ಇದು ಕಬ್ಬಿಣ ಚೆನ್ನಾಗಿ ಪಡೆಯುತ್ತದೆ ಎಂದು ಬರೆಯುವುದು ಸರಿಯಲ್ಲ. ಬಳೆ ಹೇಳುವುದು ಕಿತ್ತಿದ್ದನ್ನು ಮಾತ್ರ. ಮನೆ ಸೇರಿತೋ ಇಲ್ಲವೋ ಎಂಬುದಕ್ಕೆ ಚುಕ್ಕೆಯ ಗಾತ್ರ ನೋಡಬೇಕು. ಎರಡನ್ನೂ ಅಳೆದು ಪಕ್ಕಪಕ್ಕ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಯುವಿ ಪೆಟ್ಟಿಗೆಯ ರಿಪೇರಿ

ಸ್ಯೂಡೋಮೋನಾಸ್‌ನ ಸಿಡೆರೋಫೋರ್ ಪಯೋವರ್ಡಿನ್. ಹಳದಿ ಹಸಿರು ಬಣ್ಣ, ಯುವಿ ಬೆಳಕಿನಲ್ಲಿ ಹೊಳೆಯುತ್ತದೆ. ಲ್ಯಾಬಿನ ಮೂಲೆಯಲ್ಲಿ ಟ್ಯೂಬ್‌ಲೈಟ್ ಮಾದರಿಯ ಹಳೆ ಯುವಿ ಪೆಟ್ಟಿಗೆ ಇತ್ತು. ಚೋಕ್ ಸುಟ್ಟಿತ್ತು, ಟ್ಯೂಬಿನ ತುದಿ ಕಪ್ಪಾಗಿತ್ತು. ಡಿಎನ್‌ಎ ನೋಡುವ 302 ನ್ಯಾನೋಮೀಟರ್ ಟ್ಯೂಬು ಅದು. ಕಣ್ಣಿಗೆ ಚರ್ಮಕ್ಕೆ ಅಪಾಯ, ಈ ಕೆಲಸಕ್ಕೆ ಅಗತ್ಯವೂ ಇಲ್ಲ. ಪಯೋವರ್ಡಿನ್ ಹೀರುವುದು 400 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು, ಹೊರಬಿಡುವುದು 460ರ ಹತ್ತಿರದ್ದು. ಆದ್ದರಿಂದ ಟ್ಯೂಬು, ಚೋಕು, ಸ್ಟಾರ್ಟರ್ ಎಲ್ಲ ತೆಗೆದು 395 ನ್ಯಾನೋಮೀಟರ್ ಎಲ್‌ಇಡಿಗಳನ್ನು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂರಿಸಿದೆ. ಪಟ್ಟಿ ಬೇಕೇ ಬೇಕು, ಬಿಸಿಯಾದರೆ ಬೆಳಕು ಕುಗ್ಗುತ್ತದೆ, ಎರಡು ಫೋಟೋ ಹೋಲಿಸಲು ಆಗುವುದಿಲ್ಲ. ಕರೆಂಟ್ ಸ್ಥಿರವಾಗಿಡುವ ಡ್ರೈವರ್ ಹಾಕಿದೆ. ಮುಚ್ಚಳ ತೆರೆದರೆ ಆರುವ ಹಾಗೆ ಒಂದು ಸ್ವಿಚ್. ನೋಡುವ ಕಿಂಡಿಗೆ ಹಳದಿ ಫಿಲ್ಟರ್ ಹಾಳೆ, ಎಲ್‌ಇಡಿಯ ನೇರಳೆ ಬೆಳಕು ಅದರಲ್ಲಿ ನಿಲ್ಲುತ್ತದೆ. ಒಳಗೆ ಬಿಳಿ ಕಾಗದ ಹಾಸಿದರೆ ಅದೇ ನೀಲಿಯಾಗಿ ಹೊಳೆಯುತ್ತದೆ, ಕಾಗದಕ್ಕೆ ಹಾಕುವ ಬಿಳುಪುಕಾರಕದ ಗುಣ ಅದು. ಕಪ್ಪು ಬಟ್ಟೆ ಅಂಟಿಸಿದ ಮೇಲೆ ಹಿನ್ನೆಲೆ ಪೂರ್ತಿ ಕತ್ತಲಾಯಿತು.

ಸಕ್ಸಿನಿಕ್ ಆಮ್ಲ ಮತ್ತು ಲವಣಗಳ ಸರಳ ದ್ರವದಲ್ಲಿ ಸ್ಯೂಡೋಮೋನಾಸ್ ಬೆಳೆಸಿದೆ. ಒಂದು ಫ್ಲಾಸ್ಕಿಗೆ ಕಬ್ಬಿಣ ಇಲ್ಲ, ಇನ್ನೊಂದಕ್ಕೆ ಮೊದಲಿನಿಂದಲೇ 100 ಮೈಕ್ರೋಮೋಲಾರ್ ಫೆರಿಕ್ ಕ್ಲೋರೈಡ್. ಪೆಟ್ಟಿಗೆಯಲ್ಲಿಟ್ಟರೆ ಮೊದಲನೆಯದು ಪ್ರಖರವಾಗಿ ಹೊಳೆಯಿತು, ಎರಡನೆಯದು ಕತ್ತಲು. ಆಮೇಲೆ ಹೊಳೆಯುವ ಫ್ಲಾಸ್ಕಿನ ದ್ರವವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ತೆಗೆದು, ತಿಳಿಗೆ ಕಬ್ಬಿಣ ಹನಿಹನಿಯಾಗಿ ಹಾಕಿದೆ. ಹೊಳಪು ಇಳಿಯುತ್ತಾ ಹೋಯಿತು. ಪಯೋವರ್ಡಿನ್ ಕಬ್ಬಿಣ ಹಿಡಿದ ಕೂಡಲೇ ಹೊಳೆಯುವುದನ್ನು ನಿಲ್ಲಿಸುತ್ತದೆ. ಎರಡು ಕತ್ತಲೆಗೂ ಕಾರಣ ಬೇರೆ. ಒಂದರಲ್ಲಿ ಜೀನು ಮುಚ್ಚಿ ಪಯೋವರ್ಡಿನ್ ತಯಾರೇ ಆಗಿಲ್ಲ, ಇನ್ನೊಂದರಲ್ಲಿ ತಯಾರಾಗಿದ್ದು ತುಂಬಿಕೊಂಡಿದೆ. ಸಾಮಾನ್ಯ ಬೆಳಕಿನಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ತುಂಬಿಕೊಂಡದ್ದು ಕೆಂಗಂದು, ತಯಾರಾಗದ್ದು ಪೇಲವ.

ಮೊಟ್ಟೆಯ ಬಿಳಿ, 1944ರ ಪ್ರಯೋಗ

1944ರಲ್ಲಿ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೋಲಿನ್ ಒಂದು ವಿಷಯ ಪ್ರಕಟಿಸಿದರು. ಹಸಿ ಮೊಟ್ಟೆಯ ಬಿಳಿ ಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಕಬ್ಬಿಣ ಸೇರಿಸಿದರೆ ಆ ತಡೆ ಹೋಗುತ್ತದೆ. ಎರಡು ವರ್ಷದ ನಂತರ ಅವರೇ ಮನುಷ್ಯರ ರಕ್ತದಲ್ಲೂ ಕಬ್ಬಿಣ ಹಿಡಿಯುವ ಇಂಥದ್ದೇ ಪ್ರೋಟೀನ್ ಇದೆ ಎಂದು ತೋರಿಸಿದರು. ಅದೇ ಟ್ರಾನ್ಸ್‌ಫೆರಿನ್. ದೇಹ ಕಬ್ಬಿಣ ಬಚ್ಚಿಟ್ಟು ರಕ್ಷಿಸಿಕೊಳ್ಳುತ್ತದೆ ಎಂಬ ವಿಚಾರಕ್ಕೆ ಇದೇ ಬುನಾದಿ. ಇಷ್ಟು ಸರಳ ವಸ್ತುವಿನಿಂದ ಇಷ್ಟು ದೊಡ್ಡ ವಿಷಯ ಹೊರಬಂದದ್ದು ನನಗೆ ಇವತ್ತಿಗೂ ಬಹಳ ಇಷ್ಟ.

ಇದನ್ನು ಕೆ-12 ಜೊತೆ ಮಾಡಿದೆ. ಮೊಟ್ಟೆಯ ಚಿಪ್ಪನ್ನು 70 ಪ್ರತಿಶತ ಆಲ್ಕೋಹಾಲಿನಲ್ಲಿ ಒರೆಸಿ, ಶುದ್ಧ ಸಿರಿಂಜಿನಲ್ಲಿ ಬಿಳಿ ಎಳೆದುಕೊಂಡೆ. ಆಟೋಕ್ಲೇವ್ ಮಾಡುವಂತಿಲ್ಲ, ಬೆಂದುಹೋಗುತ್ತದೆ. ಫಿಲ್ಟರ್ ಮಾಡುವಂತೆಯೂ ಇಲ್ಲ, ಲೋಳೆ ಕಟ್ಟಿಕೊಳ್ಳುತ್ತದೆ. ಇಟ್ಟ ಮೊಟ್ಟೆಯ ಬಿಳಿಯ ಪಿಎಚ್ 9ಕ್ಕೂ ಏರಿರುತ್ತದೆ. ಆದ್ದರಿಂದ ಸಮ ಪ್ರಮಾಣದ ಬಫರ್ ದ್ರವ ಸೇರಿಸಿ 7.4ರ ಹತ್ತಿರ ತಂದೆ, ಸ್ವಲ್ಪ ಬೈಕಾರ್ಬೊನೇಟ್ ಸಹ ಹಾಕಿದೆ. ಈ ಪ್ರೋಟೀನುಗಳು ಕಬ್ಬಿಣ ಹಿಡಿಯುವಾಗ ಜೊತೆಗೆ ಒಂದು ಕಾರ್ಬೊನೇಟನ್ನೂ ಹಿಡಿಯುತ್ತವೆ, ಅದಿಲ್ಲದೆ ಹಿಡಿತ ಬರುವುದಿಲ್ಲ.

ಎಷ್ಟು ಕಬ್ಬಿಣ ಹಾಕಬೇಕು? ಲೆಕ್ಕ ಹೀಗೆ. ಬಿಳಿಯ ಪ್ರೋಟೀನಿನಲ್ಲಿ ಸುಮಾರು 12 ಪ್ರತಿಶತ ಮೊಟ್ಟೆಯ ಟ್ರಾನ್ಸ್‌ಫೆರಿನ್ ಆದ ಓವೋಟ್ರಾನ್ಸ್‌ಫೆರಿನ್, ಮಿಲಿಲೀಟರಿಗೆ 12 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅಣುತೂಕ 77 ಸಾವಿರದ ಹತ್ತಿರ, ಅಣುವಿಗೆ ಎರಡು ಜಾಗ. ಎಲ್ಲ ಜಾಗ ತುಂಬಲು ಮಿಲಿಲೀಟರಿಗೆ ಸುಮಾರು 17 ಮೈಕ್ರೋಗ್ರಾಂ ಕಬ್ಬಿಣ ಬೇಕು. ಅರ್ಧಕ್ಕೆ ತೆಳುವಾಗಿಸಿದ್ದರಿಂದ 9 ಸಾಕು, ಉಳಿಕೆ ಇರಲಿ ಎಂದು 12 ಹಾಕಿದೆ. ಫೆರಿಕ್ ಅಮೋನಿಯಂ ಸಿಟ್ರೇಟ್ ರೂಪದಲ್ಲಿ. ಹಾಕಿದ ಟ್ಯೂಬು ತಿಳಿ ಗುಲಾಬಿಗೆ ತಿರುಗುತ್ತದೆ. ಪ್ರೋಟೀನ್ ಕಬ್ಬಿಣ ಹಿಡಿದ ಗುರುತು ಅದು, ಬ್ಯಾಕ್ಟೀರಿಯಾ ಹಾಕುವ ಮೊದಲೇ ಕಣ್ಣಿಗೆ ಕಾಣುತ್ತದೆ.

ತೆಳುವಾಗಿಸಿದ ಬಿಳಿ ತಾನೇ ಮಬ್ಬಾಗಿರುವುದರಿಂದ ಮಬ್ಬು ನೋಡಿ ಬೆಳವಣಿಗೆ ಅಳೆಯಲಾಗುವುದಿಲ್ಲ. ಹೊತ್ತು ಹೊತ್ತಿಗೆ ಸ್ವಲ್ಪ ತೆಗೆದು ಸಾಮಾನ್ಯ ಪ್ಲೇಟಿನ ಮೇಲೆ ಹರಡಿ ಕಾಲನಿ ಎಣಿಸಿದೆ. ಗುಲಾಬಿ ಟ್ಯೂಬಿನಲ್ಲಿ ಎಲ್ಲ ತಳಿಗಳೂ ಏರಿದವು. ಕಬ್ಬಿಣ ಹಾಕದ ಟ್ಯೂಬಿನಲ್ಲಿ ಸಾಮಾನ್ಯ ಕೆ-12 ತಡವಾಗಿ, ನಿಧಾನಕ್ಕೆ ಏರಿತು. ಟಾನ್-ಬಿ ರೂಪಾಂತರಿ ಇದ್ದಲ್ಲೇ ನಿಂತಿತು. ಸತ್ತಿರಲಿಲ್ಲ, ಸಾಮಾನ್ಯ ಪ್ಲೇಟಿಗೆ ಬಂದ ಕೂಡಲೇ ಕಾಲನಿ ಕಟ್ಟಿತು. ಮೊಟ್ಟೆಯಲ್ಲಿರುವ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಝೈಮ್ ಎಂಬ ಕಿಣ್ವ ಇದಕ್ಕೆ ಕಾರಣವಲ್ಲವೇ ಎಂದು ಕೇಳಬಹುದು. ಕಬ್ಬಿಣವೊಂದನ್ನೇ ಸೇರಿಸಿದಾಗ ತಡೆ ಹೋಗುವುದೇ ಅದಕ್ಕೆ ಉತ್ತರ.

ಇದೇ ಕಥೆ ದೇಹದೊಳಗೆ

ನೀಲಿ ಪ್ಲೇಟಿನ ಮೇಲೆ ಕಂಡದ್ದು ಕೀಳುವುದು, ಸಾಗಿಸುವುದು, ಬಾಗಿಲು ದಾಟಿಸುವುದು. ಇವುಗಳಲ್ಲಿ ಮೊದಲ ಎರಡು ಹಂತಗಳಲ್ಲಿ ದೇಹ ತಡೆ ಹಾಕುತ್ತದೆ. ಸೋಂಕು ತಗಲಿದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಜಾಸ್ತಿ ಬಿಡುತ್ತದೆ. ಅದು ಜೀವಕೋಶಗಳಿಂದ ಕಬ್ಬಿಣ ಹೊರಬರುವ ಫೆರೋಪೋರ್ಟಿನ್ ದಾರಿಯನ್ನು ಮುಚ್ಚುತ್ತದೆ, ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ. ಬಿಳಿ ರಕ್ತಕಣಗಳು ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್ ಬಿಡುತ್ತವೆ. ಕಬ್ಬಿಣ ಹೊತ್ತು ಮನೆಗೆ ಹೊರಟ ಎಂಟರೋಬ್ಯಾಕ್ಟಿನ್ ಅನ್ನು ಅದು ದಾರಿಯಲ್ಲೇ ಹಿಡಿಯುತ್ತದೆ. 2002ರಲ್ಲಿ ಈ ಹಿಡಿತ ಗೊತ್ತಾಯಿತು. ಸಾಲ್ಮೊನೆಲ್ಲಾ ಇದಕ್ಕೆ ಪ್ರತಿಯಾಗಿ ಎಂಟರೋಬ್ಯಾಕ್ಟಿನ್‌ಗೆ ಗ್ಲೂಕೋಸ್ ಅಂಟಿಸಿ ಸಾಲ್ಮೊಕೆಲಿನ್ ಮಾಡುತ್ತದೆ. ಆ ಉಬ್ಬಿನಿಂದ ಅದು ಲಿಪೋಕ್ಯಾಲಿನ್‌ನ ಕುಳಿಯಲ್ಲಿ ಕೂರುವುದಿಲ್ಲ.

ಎಲ್ಲರೂ ಸಿಡೆರೋಫೋರ್ ಒಂದನ್ನೇ ನಂಬಿಕೊಂಡಿಲ್ಲ. ಗೊನೊರಿಯಾ ಮತ್ತು ಮೆದುಳು ಪೊರೆ ಜ್ವರದ ನೈಸೀರಿಯಾಗಳು ಮನುಷ್ಯರ ಟ್ರಾನ್ಸ್‌ಫೆರಿನ್ ಅನ್ನೇ ನೇರವಾಗಿ ತಮ್ಮ ಹೊರಪೊರೆಗೆ ಅಂಟಿಸಿಕೊಂಡು ಅದರಿಂದ ಕಬ್ಬಿಣ ಎಳೆಯುತ್ತವೆ. ಈ ಎಳೆತಕ್ಕೂ ಟಾನ್-ಬಿಯೇ ಬೇಕು. ಸ್ಟ್ಯಾಫಿಲೋಕಾಕಸ್ ಆರಿಯಸ್ ಕೆಂಪು ಕಣಗಳನ್ನು ಒಡೆದು ಹಿಮೋಗ್ಲೋಬಿನ್‌ನಿಂದ ಹೀಮ್ ಎಂಬ ಕಬ್ಬಿಣವಿರುವ ಭಾಗವನ್ನು ಕೀಳುತ್ತದೆ. ಕ್ಷಯದ ಬ್ಯಾಕ್ಟೀರಿಯಾ ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೇ ಕೂತು ಮೈಕೋಬ್ಯಾಕ್ಟಿನ್ ಎಂಬ ಸಿಡೆರೋಫೋರ್ ಬಳಸುತ್ತದೆ. ಆ ಕೋಣೆಯಿಂದ ಕಬ್ಬಿಣ, ಮ್ಯಾಂಗನೀಸ್ ಹೊರಗೆ ಪಂಪ್ ಮಾಡಲು ಬಿಳಿ ಕಣಕ್ಕೆ ಎನ್‌ರ‍್ಯಾಂಪ್-1 ಎಂಬ ಪ್ರೋಟೀನ್ ಇದೆ. ಲೈಮ್ ರೋಗದ ಬೊರೇಲಿಯಾ ಇನ್ನೂ ಬೇರೆ, ಅದು ಕಬ್ಬಿಣವೇ ಬೇಡ ಎಂದು ಮ್ಯಾಂಗನೀಸ್‌ನಲ್ಲಿ ಬದುಕುತ್ತದೆ.

ಕಬ್ಬಿಣದ ಕೊರತೆ ರೋಗಾಣುವಿಗೆ ಒಂದು ಸುದ್ದಿಯೂ ಹೌದು: ನಾನು ಈಗ ದೇಹದೊಳಗಿದ್ದೇನೆ ಎಂಬ ಸುದ್ದಿ. ಗಂಟಲಮಾರಿ ತರುವ ಬ್ಯಾಕ್ಟೀರಿಯಾ ಕಬ್ಬಿಣ ಕಡಿಮೆಯಾದಾಗಲೇ ವಿಷ ತಯಾರಿಸುತ್ತದೆ ಎಂದು 1936ರಲ್ಲೇ ಪ್ಯಾಪನ್‌ಹೈಮರ್ ಮತ್ತು ಜಾನ್ಸನ್ ತೋರಿಸಿದ್ದರು. ಅಲ್ಲಿ ಫರ್ ಮಾಡುವ ಕೆಲಸವನ್ನು ಡಿಟಿಎಕ್ಸ್-ಆರ್ ಎಂಬ ಪ್ರೋಟೀನ್ ಮಾಡುತ್ತದೆ. ಆ ವಿಷ ಜೀವಕೋಶ ಕೊಂದರೆ ಅದರೊಳಗಿನ ಕಬ್ಬಿಣ ಹೊರಬರುತ್ತದೆ.

ನಿರುಪದ್ರವಿ ತಳಿಯನ್ನೇ ಹಿಡಿದುಕೊಂಡದ್ದಕ್ಕೆ ಇನ್ನೊಂದು ಕಾರಣ ಇಲ್ಲಿದೆ. 2009ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಒಬ್ಬ ಸಂಶೋಧಕರು ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲಗೊಳಿಸಿದ ತಳಿಯಿಂದಲೇ ತೀರಿಕೊಂಡರು. ಆ ತಳಿ ದುರ್ಬಲವಾಗಿದ್ದುದು ಕಬ್ಬಿಣ ಪಡೆಯುವ ಜೀನುಗಳು ಇಲ್ಲದ್ದರಿಂದ. ಅವರಿಗೆ ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಆನುವಂಶಿಕ ತೊಂದರೆ ಇದ್ದದ್ದು ಮರಣದ ನಂತರವೇ ತಿಳಿಯಿತು. ದುರ್ಬಲ ತಳಿಗೆ ಬೇಕಾದದ್ದು ಅಲ್ಲಿ ಸುಲಭವಾಗಿ ಸಿಕ್ಕಿತು ಎಂದು ತನಿಖೆ ಮಾಡಿದವರು ಶಂಕಿಸಿದರು. ತರಗತಿಯಲ್ಲಿ ಕೂತವರ ದೇಹದ ಕಬ್ಬಿಣದ ಮಟ್ಟ ನಮಗೆ ಗೊತ್ತಿರುವುದಿಲ್ಲ ಅಲ್ವಾ.

ಟಾನ್-ಬಿಯ ಬಾಗಿಲನ್ನು ಔಷಧಕ್ಕೆ ಬಳಸಿದವರೂ ಇದ್ದಾರೆ. 2019ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಫಿಡೆರೊಕಾಲ್ ಎಂಬ ಆ್ಯಂಟಿಬಯಾಟಿಕ್‌ಗೆ ಎಂಟರೋಬ್ಯಾಕ್ಟಿನ್‌ನಲ್ಲಿರುವಂಥ ಕಬ್ಬಿಣ ಹಿಡಿಯುವ ತುದಿ ಇದೆ. ಕಬ್ಬಿಣ ಎಂದುಕೊಂಡು ಬ್ಯಾಕ್ಟೀರಿಯಾ ಅದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬಾಗಿಲು ಮುಚ್ಚಿಕೊಂಡು ಈ ಔಷಧದಿಂದ ತಪ್ಪಿಸಿಕೊಳ್ಳಲು ಹೋದರೆ ಟಾನ್-ಬಿ ಚುಕ್ಕೆಯ ಹಾಗೆ ಹಸಿವಿನಲ್ಲಿ ಸೊರಗಬೇಕು. ವಿದ್ಯಾರ್ಥಿಗಳಿಗೆ ಆ ಚಿಕ್ಕ ಚುಕ್ಕೆ ತೋರಿಸಿ ಇದನ್ನು ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸೆಟ್‌ಗೆ ಇತ್ತೀಚೆಗೆ ಸೇರಿಸಿದ ಭಾಗ ಒಂದಿದೆ. ಬೈಪಿರಿಡಿಲ್ ಹಾಕಿ ಕಬ್ಬಿಣ ಬಿಗಿ ಮಾಡಿದ ಪ್ಲೇಟಿನ ಮೇಲೆ ಎಂಟ್-ಎ ರೂಪಾಂತರಿಯನ್ನು ಒಂದು ಗೆರೆಯಾಗಿ ಎಳೆದು, ಅದರ ಒಂದು ತುದಿಗೆ ಹತ್ತಿರ ಸಾಮಾನ್ಯ ಕೆ-12 ಗೆರೆ ಎಳೆಯುವುದು. ಎಂಟ್-ಎ ಗೆರೆ ಆ ತುದಿಯಲ್ಲಿ ಮಾತ್ರ ದಪ್ಪಗೆ ಬೆಳೆಯುತ್ತದೆ, ದೂರ ಹೋದಂತೆ ಅಳಿಸಿಹೋಗುತ್ತದೆ. ಎಂಟರೋಬ್ಯಾಕ್ಟಿನ್ ತಯಾರಿಸಲು ಬಾರದಿದ್ದರೂ ಬಾಗಿಲು ಇರುವುದರಿಂದ ನೆರೆಯವನು ಬಿಟ್ಟಿದ್ದನ್ನು ಅದು ಬಳಸಿಕೊಳ್ಳುತ್ತದೆ. ಎಂಟ್-ಎ ಜಾಗದಲ್ಲಿ ಟಾನ್-ಬಿ ಗೆರೆ ಎಳೆದರೆ ಎಷ್ಟು ಹತ್ತಿರ ಇಟ್ಟರೂ ದಪ್ಪಗಾಗುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ನೀಲಿ ಪ್ಲೇಟಿನ ನಾಲ್ಕು ಚುಕ್ಕೆ ಮತ್ತು ಈ ಎರಡು ಗೆರೆಗಳಿಂದಲೇ ಶುರು ಮಾಡಿ. ಯುವಿ ಪೆಟ್ಟಿಗೆ ಆಮೇಲಾದರೂ ಆಗುತ್ತದೆ. ಉಳಿದ ನೀಲಿ ಪ್ಲೇಟುಗಳನ್ನು ಬೆಳಕು ತಾಗದಂತೆ ಸುತ್ತಿ 4 ಡಿಗ್ರಿಯಲ್ಲಿಡಿ, ಬಳಸಿದವನ್ನು ಆಟೋಕ್ಲೇವ್ ಮಾಡಿಯೇ ಎಸೆಯಿರಿ.